ಇನ್ನೊಬ್ಬರ ಉಸಿರಿಗೆ ಕೋಲೆತ್ತುವುದು

ಹಾಡುತ್ತಿದ್ದವರು ವಾದ್ಯವೃಂದ ನಡೆಸಲು ನಿಂತರೆ ಒಂದು ಚಾಳಿ ಜೊತೆಗೇ ಬರುತ್ತದೆ. ತಾಳ ತೋರಿಸುವ ಕೋಲು ಕೈಯಲ್ಲಿದ್ದರೂ ಒಳಗೊಳಗೇ ತಾವೇ ಹಾಡುತ್ತಿರುತ್ತಾರೆ. ಆಗ ಲಯ ಸಾಗುವುದು ಅವರ ಶ್ವಾಸಕೋಶದ ಅಳತೆಗೆ, ವೇದಿಕೆಯ ಮೇಲಿರುವ ಹುಡುಗಿಯ ಅಳತೆಗಲ್ಲ. ನಾನು ಇದನ್ನು ಹೇಗೆ ತಿದ್ದಿಕೊಂಡೆ ಎನ್ನುವುದನ್ನು ಮೊಜಾರ್ಟನ ‘ಲೆ ನೊತ್ಸೆ ದಿ ಫಿಗಾರೊ’ (ವಿಯೆನ್ನಾ, 1786) ಆಪೆರಾದ ಒಂದೇ ಹಾಡು ಹಿಡಿದು ಹೇಳುತ್ತೇನೆ. ಎರಡನೇ ಅಂಕದ ಮೊದಲಿಗೆ ಕೌಂಟೆಸ್ (ಕೌಂಟ್ ಎಂಬ ಸಿರಿವಂತ ಒಡೆಯನ ಹೆಂಡತಿ) ಹಾಡುವ ‘ಪೋರ್ಜಿ ಅಮೋರ್’ ಅದು.

ಹಾಡು ಸುಮಾರು ನಾಲ್ಕು ನಿಮಿಷದ್ದು. ಮೊದಲ ಅಂಕ ಹತ್ತಿರ ಹತ್ತಿರ ಮುಕ್ಕಾಲು ಗಂಟೆ ನಡೆಯುತ್ತದೆ, ಅದರಲ್ಲಿ ಕೌಂಟೆಸ್‌ಗೆ ಒಂದು ಸ್ವರವೂ ಇಲ್ಲ. ಪರದೆ ಎದ್ದ ಮೇಲೆ ತಣ್ಣಗಿನ ಗಂಟಲಲ್ಲಿ ಉದ್ದುದ್ದ ಸಾಲು ಎಳೆಯಬೇಕು, ಅದೂ ಮೈಕ್ ಇಲ್ಲದೆ. ಹಾಗಾಗಿ ಸಂಜೆ ಆರಕ್ಕೇ ಗಂಟಲು ಬಿಸಿ ಮಾಡಿ ಮುಗಿಸುವುದು ದಂಡ. ಪ್ರವೇಶಕ್ಕೆ ಇಪ್ಪತ್ತು ನಿಮಿಷ ಇರುವಾಗ ಮತ್ತೊಮ್ಮೆ ಶುರು ಮಾಡಿಸುತ್ತೇನೆ. ಲೋಟದ ನೀರಲ್ಲಿ ಎರಡು ಸೆಂಟಿಮೀಟರ್ ಅದ್ದಿದ ಸ್ಟ್ರಾ ಊದುತ್ತಾ ಕೆಳಗಿಂದ ಮೇಲಕ್ಕೆ ಜಾರುವುದು ಐದು ನಿಮಿಷ, ಆಮೇಲೆ ತುಟಿ ನಡುಗಿಸುತ್ತಾ ಅದೇ ಜಾರು. ಹಾಡಿನ ತುದಿಗಿಂತ ಒಂದು ಮೆಟ್ಟಿಲು ಮೇಲಿನ ಬಿ-ಫ್ಲಾಟ್ ಒಂದೇ ಸಲ ಮುಟ್ಟಿ ನಿಲ್ಲಿಸುವುದು. ಸಿಕ್ಕಿತೋ ಇಲ್ಲವೋ ಎಂದು ನಾಲ್ಕು ಸಲ ಪರೀಕ್ಷಿಸಿದರೆ ಆ ಸ್ವರ ಅಲ್ಲೇ ಖರ್ಚಾಗುತ್ತದೆ.

ಕಲಿಯುವ ಹಂತದಲ್ಲಿ ಮೊದಲ ವಾರ ಸ್ವರವೇ ಬೇಡ, ಬರೀ ಮಾತು. ಹಾಡಿನ ಭಾಷೆ ಇಟಾಲಿಯನ್, ಕನ್ನಡದ ಬಾಯಿಗೆ ಅದು ಅರ್ಧ ದಕ್ಕಿದ ಹಾಗೆಯೇ. ನಮ್ಮ ತ, ದ ಅವರದ್ದರಂತೆಯೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಬಾಯಿಯವರು ಒದ್ದಾಡುವ ಜೋಡಿ ವ್ಯಂಜನ ನಮಗೆ ಕತೆ–ಕತ್ತೆಯಷ್ಟು ಸಲೀಸು. ಎಡವುವುದು ಬೇರೆ ಕಡೆ. ಇಟಾಲಿಯನ್‌ನಲ್ಲಿ ಒಂದೊಂದು ಪದಕ್ಕೂ ಒತ್ತಿ ಹೇಳುವ ಒಂದು ಅಕ್ಷರವಿದೆ. ನಾವು ಎಲ್ಲವನ್ನೂ ಸಮತಟ್ಟಾಗಿ ಹೇಳಿ, ಕೊನೆಯ ಸ್ವರಾಕ್ಷರವನ್ನು ಎಳೆದುಬಿಡುತ್ತೇವೆ. ಎ, ಒ ಎರಡಕ್ಕೂ ತೆರೆದ ಮತ್ತು ಮುಚ್ಚಿದ ಉಚ್ಚಾರಗಳಿವೆ. ನಮ್ಮ ಕಿವಿ ಹ್ರಸ್ವ–ದೀರ್ಘ ಹುಡುಕುತ್ತದೆಯೇ ಹೊರತು ಇದನ್ನಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಇನ್ನೊಂದು ಕೆಲಸವಿದೆ, ಸ್ವರದಿಂದ ಸ್ವರಕ್ಕೆ ಕಂಪಿತವಿಲ್ಲದೆ (ಸ್ವರವನ್ನು ತೂಗಾಡಿಸದೆ) ನೇರ ನಡೆಯುವುದು.

ಎರಡನೇ ವಾರ ವ್ಯಂಜನ ತೆಗೆದು ಸ್ವರಾಕ್ಷರಗಳಲ್ಲೇ ಹಾಡಿಸುತ್ತೇನೆ. ಹಾಡಿನ ತುತ್ತತುದಿಯ ಎ-ಫ್ಲಾಟ್ ಸುಮಾರು 830 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ‘ಇ’, ‘ಉ’ ಹೇಳುವಾಗ ಬಾಯಿ-ಗಂಟಲ ಪೊಳ್ಳು ತಾನೇ ಬಲ ಕೊಡುವ ಮೊದಲ ಕಂಪನ, ಅಂದರೆ ಮೊದಲ ಅನುರಣನ, ಇರುವುದು 300ರ ಆಸುಪಾಸು. ಆ ಎತ್ತರದಲ್ಲಿ ಶುದ್ಧ ‘ಇ’ ಹಿಡಿಯಲು ಹೋದರೆ ದನಿ ಕಿರಿದಾಗಿ ಚೀರುತ್ತದೆ, ದವಡೆ ಇಳಿಸಲೇಬೇಕು. ಪದ ಸ್ಪಷ್ಟವಾಗಿ ಕೇಳಲಿಲ್ಲ ಎಂದು ಅಲ್ಲಿ ಯಾರಾದರೂ ಬೈದರೆ ಕಿವಿಗೆ ಹಾಕಿಕೊಳ್ಳಬೇಡಿ. ದಿನಕ್ಕೆ ಪೂರ್ಣ ದನಿ ಮುಕ್ಕಾಲು ಗಂಟೆ ಮೀರಬಾರದು. ಉಳಿದ ತಾಲೀಮಿನಲ್ಲಿ ಮೇಲಿನ ಸಾಲುಗಳನ್ನು ಒಂದು ಸ್ಥಾಯಿ ಕೆಳಗೆ ಹಾಡಲಿ, ಆದರೆ ಉಸಿರು ತೆಗೆದುಕೊಳ್ಳುವ ಜಾಗ ಮಾತ್ರ ನಿಜದ್ದೇ ಇರಬೇಕು. ಸುಳ್ಳು ಉಸಿರಿನ ತಾಲೀಮು ವಾದ್ಯವೃಂದದ ಮುಂದೆ ಮೊದಲ ದಿನವೇ ಬಯಲಾಗುತ್ತದೆ.

ಇನ್ನು ಕೋಲಿನ ಕಡೆ. ಹಾಡು ಎರಡು-ನಾಲ್ಕರ ತಾಳದ ಲಾರ್ಗೆಟ್ಟೊ, ಅಂದರೆ ನಿಧಾನ ಗತಿ. ನಾನು ಎಂಟನೇ ಒಂದು ಭಾಗದ ಸ್ವರಗಳನ್ನು, ಅಂದರೆ ಅರ್ಧ ಪೆಟ್ಟುಗಳನ್ನು, ನಿಮಿಷಕ್ಕೆ 54ರಿಂದ 58ರಲ್ಲಿ ಇಡುತ್ತೇನೆ. 48ಕ್ಕೆ ಇಳಿದರೆ ದುಃಖ ಹೆಚ್ಚುತ್ತದೆ ಎಂಬ ಭ್ರಮೆ ಹಲವರಿಗಿದೆ. ಹೆಚ್ಚುವುದು ಉಸಿರಾಟದ ಸದ್ದು. ಸಾಲು ಶುರುವಾಗುವ ಮುಂಚೆ ಕೋಲು ಮೇಲೆತ್ತುವ ಪೆಟ್ಟೇ ಅವಳ ಉಸಿರು. ಅದನ್ನು ನನ್ನ ಎದೆ ಹೇಳಿದಾಗಲ್ಲ, ಅವಳ ಪಕ್ಕೆಲುಬು ಅಗಲಿದಾಗ ಎತ್ತಬೇಕು. ಇದಕ್ಕೆ ನಾನು ಕಂಡುಕೊಂಡ ಒರಟು ಮದ್ದು: ಅವಳು ಹಾಡುವಾಗ ನಾನು ಬಾಯಿ ಮುಚ್ಚಿ ಮೂಗಿನಲ್ಲಿ ನಿಧಾನ ಉಸಿರು ಬಿಡುತ್ತಿರುವುದು. ತುಟಿ ಆಡಿಸಿದೆನೋ, ಮತ್ತೆ ನಾನೇ ಕೌಂಟೆಸ್.

ದೂರದ ಲೆಕ್ಕವೂ ಇದೆ. ವೇದಿಕೆಯ ಹಿಂಭಾಗದಲ್ಲಿ, ನನ್ನಿಂದ 15 ಮೀಟರ್ ದೂರ ನಿಂತವಳಿಗೆ ವಾದ್ಯದ ಸದ್ದು ಮುಟ್ಟಲು ಸುಮಾರು 44 ಮಿಲಿಸೆಕೆಂಡ್ ಬೇಕು, ಅವಳ ದನಿ ಹಿಂದಿರುಗಲು ಮತ್ತಷ್ಟೇ. ಕಿವಿ ನಂಬಿ ಹಾಡಿದರೆ ನನಗೆ ಅವಳು ಹತ್ತಿರ ಹತ್ತಿರ 90 ಮಿಲಿಸೆಕೆಂಡ್ ತಡ. ಅವಳು ಕಣ್ಣಲ್ಲಿ ಹಾಡಬೇಕು: ಕೋಲು, ಇಲ್ಲವೇ ಅದನ್ನು ತೋರಿಸುವ ಪಕ್ಕದ ಟಿವಿ ಪರದೆ.

ಎಳೆಯರಿಗೆ ಹಾಡಿ ತೋರಿಸುವುದನ್ನು ನಾನು ಬಿಟ್ಟಿದ್ದೇನೆ. ತೋರಿಸಿದರೆ ಅವರು ಸಾಲನ್ನು ಕಲಿಯುವುದಿಲ್ಲ, ನನ್ನ ದನಿಯ ಬಣ್ಣವನ್ನು ಕದಿಯುತ್ತಾರೆ. ಹಗುರ ಗಂಟಲಲ್ಲಿ ದಪ್ಪ ದನಿ ಮಾಡಹೋಗಿ ಎರಡೇ ತಿಂಗಳಲ್ಲಿ ಶ್ರುತಿ ಕೆಳಗೆ ಜೋಲುತ್ತದೆ. ಬದಲಿಗೆ ಸಾಲನ್ನು ಓದಿಸಿ, ಎಲ್ಲಿ ಉಸಿರು ಬೇಕಾಯಿತು ಎಂದು ಕೇಳುತ್ತೇನೆ. ಅವಳು ಹೇಳಿದ ಜಾಗ ನನ್ನದಕ್ಕಿಂತ ಬೇರೆಯಾದರೆ ನನ್ನ ಪ್ರತಿಯಲ್ಲಿ ಗುರುತು ತಿದ್ದಿಕೊಳ್ಳುತ್ತೇನೆ, ಕ್ಲಾರಿನೆಟ್ ಮತ್ತು ಬಸೂನ್ ಹಾಳೆಗಳಲ್ಲೂ ಅದೇ ಜಾಗಕ್ಕೆ ಉಸಿರಿನ ಗುರುತಾದ ಅಲ್ಪವಿರಾಮ ಹಾಕಿಸುತ್ತೇನೆ. ಪೆನ್ಸಿಲಿನಲ್ಲೇ; ಮುಂದಿನ ಕೌಂಟೆಸ್ ಬಂದಾಗ ಅಳಿಸಬೇಕಲ್ಲ.