ಪೇಟೆಂಟ್‌ನಲ್ಲಿ ‘ಸ್ಕಿಲ್ಡ್ ಪರ್ಸನ್’ ಯಾರು ಅಂತ ಗೊತ್ತು ಮಾಡೋದು ಹೇಗೆ

ಪೇಟೆಂಟ್ ಸಿಗ್ಬೇಕಂದ್ರೆ ಇನ್ವೆನ್ಷನ್ನಲ್ಲಿ ಇನ್ವೆಂಟಿವ್ ಸ್ಟೆಪ್ ಇರ್ಬೇಕು, ಅಂದ್ರೆ ಅದು ಹಳೇದ್ರಿಂದ ಸುಲಭವಾಗಿ ಹೊಳೆಯೋ ಆಬ್ವಿಯಸ್ ವಿಷಯ ಆಗಿರ್ಬಾರ್ದು. ಅದು ಇದೆಯಾ ಇಲ್ವಾ ಅನ್ನೋ ಪ್ರಶ್ನೆ ಬಂದ ತಕ್ಷಣ ಎಲ್ರೂ ಹಳೇ ಡಾಕ್ಯುಮೆಂಟ್ ಹುಡುಕೋಕೆ ಓಡ್ತಾರೆ. ಸ್ವಲ್ಪ ತಡೀರಿ. ಕಾನೂನು ಕೇಳೋದು ಇದು ಯಾರಿಗೆ ಆಬ್ವಿಯಸ್ ಅಂತ. ಎಕ್ಸಾಮಿನರ್‌ಗಲ್ಲ, ಜಡ್ಜ್‌ಗಲ್ಲ, ಇನ್ವೆಂಟರ್‌ಗಂತೂ ಅಲ್ವೇ ಅಲ್ಲ, ಆ ಫೀಲ್ಡಲ್ಲಿ ನುರಿತಿರೋ ಒಬ್ಬ ಕಾಲ್ಪನಿಕ ವ್ಯಕ್ತಿಗೆ. ಇವನೇ ಸ್ಕಿಲ್ಡ್ ಪರ್ಸನ್. ಭಾರತದ 1970ರ ಪೇಟೆಂಟ್ ಕಾಯ್ದೆಯಲ್ಲೂ ಯುರೋಪಿಯನ್ ಪೇಟೆಂಟ್ ಕನ್ವೆನ್ಷನ್‌ನ 56ನೇ ವಿಧಿಯಲ್ಲೂ ಇವನ ಹೆಸರು ಬರುತ್ತೆ, ಇವನು ಯಾರು ಅಂತ ಮಾತ್ರ ಎರಡರಲ್ಲೂ ಬರೆದಿಲ್ಲ. ಅದನ್ನ ನಾವೇ ಗೊತ್ತು ಮಾಡ್ಬೇಕು.

ಮೊದಲು ಪ್ರಾಬ್ಲಮ್ ಏನು ಅಂತ ಬರ್ಕೊಳ್ಳಿ, ಆಮೇಲೆ ಅದನ್ನ ಬಗೆಹರಿಸೋ ಕೆಲಸ ಯಾರ ತಲೆ ಮೇಲೆ ಬೀಳುತ್ತೆ ನೋಡಿ. ಪ್ರಾಡಕ್ಟ್ ಬಳಸೋನು ಬೇರೆ, ಅದನ್ನ ತಯಾರಿಸೋನು ಬೇರೆ. ಅಮೆರಿಕದಲ್ಲಿ 2007ರ ಡಾಯ್ಚಿ ಸ್ಯಾಂಕ್ಯೋ ವರ್ಸಸ್ ಅಪೋಟೆಕ್ಸ್ ಕೇಸ್ ನಿಂತಿದ್ದೇ ಇದರ ಮೇಲೆ. ಕಿವಿ ಇನ್ಫೆಕ್ಷನ್‌ಗೆ ಆಫ್ಲಾಕ್ಸಾಸಿನ್ ಡ್ರಾಪ್ಸ್ ಹಾಕೋ ಪೇಟೆಂಟ್ ಅದು. ಕೆಳಗಿನ ಕೋರ್ಟು ಸ್ಕಿಲ್ಡ್ ಪರ್ಸನ್ ಅಂದ್ರೆ ಮಕ್ಕಳ ಡಾಕ್ಟ್ರು ಅಥವಾ ಜನರಲ್ ಡಾಕ್ಟ್ರು ಅಂತು. ಅದೇ ಥರದ ಔಷಧಿ ಸಿಪ್ರೋಫ್ಲಾಕ್ಸಾಸಿನ್‌ನ ಕಿವಿಗೆ ಹಾಕಿದ ಬಗ್ಗೆ ಹಳೇ ಲೇಖನ ಒಂದಿತ್ತು, ಆದ್ರೆ ಇದನ್ನ ಕಿವಿ ಸ್ಪೆಷಲಿಸ್ಟ್ ಮಾತ್ರ ಬಳಸ್ಬೇಕು ಅಂತ ಅದರಲ್ಲಿ ಎಚ್ಚರಿಕೆ ಇದ್ದಿದ್ರಿಂದ ಜನರಲ್ ಡಾಕ್ಟ್ರು ಆ ಕಡೆ ಹೋಗ್ತಾನೇ ಇರ್ಲಿಲ್ಲ ಅಂತ ಪೇಟೆಂಟ್ ಉಳೀತು. ಅಪೀಲ್ ಕೋರ್ಟು ಒಪ್ಲಿಲ್ಲ, ಇಲ್ಲಿ ಸ್ಕಿಲ್ಡ್ ಪರ್ಸನ್ ಕಿವಿಯ ಔಷಧಿ, ಚಿಕಿತ್ಸೆ ಡೆವಲಪ್ ಮಾಡೋನು ಅಂತು. ಲೇಖನ ಅದೇ, ಓದೋನು ಬದಲಾದ, ಪೇಟೆಂಟ್ ಬಿದ್ದೋಯ್ತು.

ಒಬ್ಬನಿಗೆ ಆಗದ ಕೆಲಸ ಆದ್ರೆ ಟೀಮ್ ಅಂತ ಇಟ್ಕೊಳ್ಳಿ, ತಪ್ಪಿಲ್ಲ. ಆದ್ರೆ ಯುರೋಪ್‌ನಲ್ಲಿ ಬಿಸಿನೆಸ್ ತಲೆಯೋನಿಗೆ ಆ ಟೀಮಲ್ಲಿ ಜಾಗ ಇಲ್ಲ. ಯುರೋಪಿಯನ್ ಪೇಟೆಂಟ್ ಆಫೀಸ್‌ನ ಅಪೀಲ್ ಬೋರ್ಡ್ ಕೊಟ್ಟ ಕಾಮ್ವಿಕ್ ತೀರ್ಪಿನ ಪ್ರಕಾರ ಟೆಕ್ನಿಕಲ್ ಅಲ್ಲದ ಐಡಿಯಾನ ಪ್ರೋಗ್ರಾಮರ್ ಕೈಗೆ ಮೊದಲೇ ಕೊಟ್ಟ ರಿಕ್ವೈರ್‌ಮೆಂಟ್ ಅಂತ ತಗೋಬಹುದು, ಅದನ್ನ ಇಂಪ್ಲಿಮೆಂಟ್ ಮಾಡೋದ್ರಲ್ಲಿ ಏನಾದ್ರೂ ಹೊಸತಿದೆಯಾ ಅನ್ನೋದಷ್ಟೇ ಲೆಕ್ಕ.

ಆಮೇಲೆ ಡೇಟ್ ಫಿಕ್ಸ್ ಮಾಡಿ. ಪ್ರಯಾರಿಟಿ ಡೇಟ್ ಅಂದ್ರೆ ಆ ಇನ್ವೆನ್ಷನ್‌ಗೆ ಮೊದಲ ಅರ್ಜಿ ಹಾಕಿದ ದಿನ, ಆ ದಿನ ಇವನಿಗೆ ಗೊತ್ತಿದ್ದಷ್ಟೇ ಗೊತ್ತು. ತಲೆಯಲ್ಲೇ ಇರೋ ಕಾಮನ್ ಜನರಲ್ ನಾಲೆಡ್ಜ್ ಅಂದ್ರೆ ಟೆಕ್ಸ್ಟ್‌ಬುಕ್, ಹ್ಯಾಂಡ್‌ಬುಕ್ ಮಟ್ಟದ್ದು. ಎಲ್ಲೋ ಮೂಲೇಲಿರೋ ಒಂದು ಪೇಟೆಂಟ್ ಅವನ ಕೈಗೆ ಸಿಗುತ್ತೆ ನಿಜ, ಆದ್ರೆ ಅದು ತಲೆಯಲ್ಲಿತ್ತು ಅನ್ನೋಕಾಗಲ್ಲ. ಈ ಎರಡನ್ನ ಕಲಸಿ ಬರೆದಿರೋ ರಿಪೋರ್ಟ್‌ಗಳು ಬೇಕಾದಷ್ಟು ಸಿಗ್ತವೆ, ಎದುರಿನ ಲಾಯರ್ ಮೊದಲು ಕೈ ಹಾಕೋದೂ ಅಲ್ಲೇ.

ಇನ್ನು ಬುದ್ಧಿ ಎಷ್ಟು ಕೊಡೋದು? ಮಾಮೂಲಿ ಟೆಸ್ಟ್, ಟ್ರಯಲ್ ಎಲ್ಲ ಮಾಡ್ತಾನೆ, ಹೊಸದೇನೂ ಕಂಡುಹಿಡಿಯಲ್ಲ. ಅಮೆರಿಕದ ಸುಪ್ರೀಂ ಕೋರ್ಟು 2007ರಲ್ಲೇ ಕೆಎಸ್ಆರ್ ಕೇಸಲ್ಲಿ ಇವನು ಯಂತ್ರ ಅಲ್ಲ, ಸಾಧಾರಣ ಕ್ರಿಯೇಟಿವಿಟಿ ಇರೋನು ಅಂತ ಹೇಳ್ತು, ಹಾಗಾಗಿ ಅಲ್ಲಿ ಎರಡು ಹಳೇ ವಿಷಯ ಸೇರಿಸೋಕೆ ಡಾಕ್ಯುಮೆಂಟಲ್ಲೇ ಸೂಚನೆ ಇರ್ಬೇಕು ಅಂತಿಲ್ಲ.

ಕೊನೇದಾಗಿ ಒಂದ್ಸಲ ತಾಳೆ ನೋಡಿ. ವಿವರಣೆ ಸಾಕಷ್ಟಿದೆಯಾ ಅಂತ ನೋಡುವಾಗ ಸ್ಪೆಸಿಫಿಕೇಶನ್, ಅಂದ್ರೆ ಅರ್ಜಿಯಲ್ಲಿ ಇನ್ವೆನ್ಷನ್ ಬಗ್ಗೆ ಬರೆದಿರೋದನ್ನ, ಓದೋನೂ ಇವನೇ. ವಿವರಣೆ ವಿಷಯಕ್ಕೆ ಇವನಿಗೆ ಎಲ್ಲಾ ಗೊತ್ತು ಬಿಡಿ ಅಂದು, ಇನ್ವೆಂಟಿವ್ ಸ್ಟೆಪ್ ವಿಷಯಕ್ಕೆ ಪಾಪ ಏನೂ ಹೊಳೀತಿರ್ಲಿಲ್ಲ ಅಂದ್ರೆ ಯಾರೂ ನಂಬಲ್ಲ.