ಓದಿದ ಕಾದಂಬರಿಯ ಅನಿಸಿಕೆ ಬರೆದಿಡುವ ಬಗೆ

ಕಾದಂಬರಿ ಮುಗಿಸಿ ವಾರ ಬಿಟ್ಟು ಬರೆಯಲು ಕೂತರೆ ಕತೆಯ ಸಾರಾಂಶ ಬಿಟ್ಟು ಬೇರೇನೂ ಕೈಗೆ ಸಿಗುವುದಿಲ್ಲ. ಎಲ್ಲಿ ಎದೆ ಧಸಕ್ಕೆಂದಿತು, ಎಲ್ಲಿ ಆಕಳಿಕೆ ಬಂತು ಎಂಬುದೇ ಮೊದಲು ಮರೆತುಹೋಗುತ್ತದೆ. ಅನಿಸಿಕೆ ಅಂದರೆ ಅದೇ. ಹಾಗಾಗಿ ಬರವಣಿಗೆ ಓದಿನ ಜೊತೆಗೇ ಶುರುವಾಗಬೇಕು.

ಬೇಕಾದ್ದು 100 ಪುಟದ ಒಂದು ನೋಟ್‌ಬುಕ್, ಪೆನ್ಸಿಲ್, ಬೆರಳಗಲದ ಹತ್ತು ಹದಿನೈದು ಕಾಗದದ ಚೀಟಿ. ಗ್ರಂಥಾಲಯದ ಪುಸ್ತಕಕ್ಕೆ ಗೆರೆ ಎಳೆಯಬೇಡಿ. ಚೀಟಿಯ ಮೇಲೆ ಪುಟಸಂಖ್ಯೆ, ಒಂದೆರಡು ಪದ ಸಾಕು: ‘ಇಲ್ಲಿ ಸಿಟ್ಟು’, ‘ನಂಬಲಾಗಲಿಲ್ಲ’. ಪುಟಸಂಖ್ಯೆ ಇಲ್ಲದ ಚೀಟಿ ಉದುರಿಬಿದ್ದರೆ ಮುಗಿಯಿತು. ಮುದ್ರಣದ ವರ್ಷವನ್ನೂ ಬರೆದುಕೊಳ್ಳಿ. ಮರುಮುದ್ರಣದಲ್ಲಿ ಪುಟಗಳು ಹಿಂದುಮುಂದಾಗುತ್ತವೆ.

ಹಳೆಯ ಕೃತಿ ತೆರೆಯುವ ಮೊದಲು ಎರಡು ವರ್ಷ ಗುರುತು ಹಾಕಿಕೊಳ್ಳಿ: ಬರೆದದ್ದು ಯಾವಾಗ, ಕತೆ ನಡೆಯುವುದು ಯಾವಾಗ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ. ಕತೆ ಕೊಡಗಿನ ಕೊನೆಯ ಅರಸನದು. ಇಂಗ್ಲಿಷರು ಅವನನ್ನು ಪಟ್ಟದಿಂದ ಇಳಿಸಿದ್ದು 1834ರಲ್ಲಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದೂ 1956ರಲ್ಲೇ. ಇಷ್ಟು ಗೊತ್ತಿದ್ದರೆ ಓದುವ ಕಣ್ಣು ಬೇರೆಯಾಗುತ್ತದೆ. ರಾಜ್ಯ ಹೋದದ್ದಕ್ಕೆ ಹೊರಗಿನವರನ್ನಷ್ಟೇ ದೂರದೆ ಅರಮನೆಯೊಳಗಿನ ಕೊಳೆತವನ್ನು ಲೇಖಕರು ಎಷ್ಟು ತಾಳ್ಮೆಯಿಂದ ತೋರಿಸುತ್ತಾರೆ ನೋಡಿ. ಅರಸನ ಆಪ್ತ ಕುಂಟ ಬಸವ ಬರುವ ಪುಟಗಳಿಗೆಲ್ಲ ಚೀಟಿ ಇಡಿ. ಅವನ ಮೇಲೆ ಅಸಹ್ಯ ಹುಟ್ಟಿ, ಅದೇ ಕನಿಕರಕ್ಕೆ ತಿರುಗಿದರೆ ಆ ಪುಟ ಯಾವುದು? ಬರೆಯಬೇಕಾದ್ದು ಅಲ್ಲಿದೆ.

ಕೋಲಾರದ ಕಡೆಯ ಓದುಗರಿಗೆ ಇಲ್ಲೊಂದು ತೊಡಕು. ಲೇಖಕರ ಊರು ಮಾಸ್ತಿ ಇರುವುದು ಅಲ್ಲಿನ ಮಾಲೂರು ತಾಲ್ಲೂಕಿನಲ್ಲಿ, ಈ ಕಾದಂಬರಿಗೆ 1983ರ ಜ್ಞಾನಪೀಠ ಬೇರೆ. ‘ಮಾಸ್ತಿ ಕನ್ನಡದ ಆಸ್ತಿ’ ಎಂದು ಮೊದಲ ಸಾಲಿಗೇ ಬರೆದರೆ ಆಮೇಲೆ ಬರುವುದೆಲ್ಲ ಹೊಗಳಿಕೆಯೇ. ಊರಿನ ಅಭಿಮಾನ, ಪ್ರಶಸ್ತಿ ಎರಡನ್ನೂ ಕೊನೆಯ ಪ್ಯಾರಾವರೆಗೆ ಮುಟ್ಟಬೇಡಿ.

ಇನ್ನು ಭಾಷೆ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಮಲೆನಾಡಿನ ಮಾತು ತುಂಬಿದ ಕಾದಂಬರಿ ಹಿಡಿದರೆ ಹತ್ತು ಪುಟಕ್ಕೇ ಸುಸ್ತಾಗಿ ‘ಶೈಲಿ ಕ್ಲಿಷ್ಟ’ ಎಂದು ಬರೆದುಬಿಡುವುದುಂಟು. ಅದು ಅನ್ಯಾಯ. ಮೊದಲ 20 ಪುಟ ಗಟ್ಟಿಯಾಗಿ ಓದಿ. ಕಣ್ಣಿಗೆ ಸಿಗದ ಮಾತು ಕಿವಿಗೆ ಸಿಗುತ್ತದೆ. ಗೊತ್ತಿಲ್ಲದ ಪದಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಸೇರಿಸುತ್ತ ಮುಂದೆ ಹೋಗಿ. ನಿಘಂಟು ಆಮೇಲೆ.

ಈಚಿನ ಕೃತಿಗಳ ಕಷ್ಟ ಇದಕ್ಕೆ ತದ್ವಿರುದ್ಧ: ಸಲೀಸಾಗಿ ಓದಿಸಿಕೊಳ್ಳುತ್ತವೆ, ಹಿಡಿಯಲು ಏನೂ ಇಲ್ಲ ಅನ್ನಿಸುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಕೂರಿಕೆಗೆ ಮುಗಿಯುತ್ತದೆ. ಹಾಗೆ ಮುಗಿಸಿ ‘ಹಣ ಬಂದು ಮನೆ ಕೆಟ್ಟಿತು’ ಎಂದು ಬರೆದರೆ ಅದು ಯಾವ ಪುಸ್ತಕಕ್ಕಾದರೂ ಹೊಂದುವ ಮಾತು. ಎರಡನೇ ಸಲ ಓದಿ, ಈ ಬಾರಿ ಕತೆ ಹೇಳುವವನು ಎಲ್ಲೆಲ್ಲಿ ಸುಮ್ಮನಿರುತ್ತಾನೆ ಎಂಬುದನ್ನಷ್ಟೇ ಹುಡುಕಿ. ಆಗ ಸಾಲು ಹೀಗಾಗುತ್ತದೆ: ‘ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯವರು ಬೈದಟ್ಟುವಾಗ ಇವನು ತಡೆಯುವುದಿಲ್ಲ; ಓದುತ್ತಿದ್ದ ನಾನೂ ಅವನ ಪಕ್ಕದಲ್ಲೇ ನಿಂತಿದ್ದೆ ಅನ್ನಿಸಿತು.’ ಮೊದಲರ್ಧ ಪುಸ್ತಕದ್ದು, ಉಳಿದದ್ದು ನಿಮ್ಮದು. ಎರಡೂ ಇದ್ದರೇ ಅನಿಸಿಕೆ.

ಓದು ಮುಗಿದ ರಾತ್ರಿಯೇ ಚೀಟಿಗಳನ್ನು ಸಾಲಾಗಿ ಹರಡಿಕೊಂಡು ಮೂರನ್ನು ಮಾತ್ರ ಆರಿಸಿ. ಕತೆಗೆ ಮೂರು ವಾಕ್ಯ, ಆರಿಸಿದ ಜಾಗಗಳಿಗೆ ಮೂರು ಪ್ಯಾರಾ. ಒಟ್ಟು 300 ಪದ ದಾಟಬೇಡಿ, ಕೊನೆ ಬಿಟ್ಟುಕೊಡಬೇಡಿ. ಹಿಡಿಸದಿದ್ದುದನ್ನೂ ಪುಟಸಂಖ್ಯೆ ಸಮೇತ ಹೇಳಿ. ಒಂದು ವರ್ಷದ ಮೇಲೆ ಅದೇ ಪುಸ್ತಕ ಓದಿ ಅಭಿಪ್ರಾಯ ಬದಲಾದರೆ ಹಳೆಯದನ್ನು ಹೊಡೆದುಹಾಕದೆ, ತಾರೀಕು ಹಾಕಿ ಅದರ ಕೆಳಗೇ ಹೊಸದನ್ನು ಸೇರಿಸಿ.