ಪಕ್ಕದ ಸೈಟಿಗೆ ಜೆಸಿಬಿ ಬರುವ ಮೊದಲು: ಬೆಂಗಳೂರಿನ ಹಳೇ ಬಡಾವಣೆಗಳ ಮನೆಯವರಿಗೆ

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಉಳಿದಿರುವ ಹಳೇ ಮನೆಗಳು ತಮ್ಮಷ್ಟಕ್ಕೆ ತಾವು ಬೀಳುವುದು ಅಪರೂಪ. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟಿಗೆಂದು ಗುಂಡಿ ತೋಡಿದಾಗ ಅವಕ್ಕೆ ಕಷ್ಟ ಶುರುವಾಗುತ್ತದೆ. ಈ ಮನೆಗಳ ಪಾಯ ಸೈಜುಗಲ್ಲಿನದು, ಆಳ ಹೆಚ್ಚೆಂದರೆ ಮೂರ್ನಾಲ್ಕು ಅಡಿ. ಗೋಡೆಗೆ ಮಣ್ಣಿನ ಇಲ್ಲವೇ ಸುಣ್ಣದ ಗಾರೆ, ಕಾಲಮ್ಮಿಲ್ಲ, ಬೀಮಿಲ್ಲ. ಮೇಲೆ ಮಂಗಳೂರು ಹಂಚು, ಇಲ್ಲದಿದ್ದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ ಕಟ್ಟಿದ ಮದ್ರಾಸ್ ತಾರಸಿ. ಇಷ್ಟೂ ಭಾರ ಗೋಡೆಯಿಂದ ನೇರವಾಗಿ ಮಣ್ಣಿಗಿಳಿಯುತ್ತದೆ. ಆ ಮಣ್ಣು ಪಕ್ಕಕ್ಕೆ ಸ್ವಲ್ಪ ಸರಿದರೂ ಬಾಗಿಲು ಬಿಗಿಯಾಗುತ್ತದೆ, ಗೋಡೆ ಸೀಳುತ್ತದೆ.

ಪಕ್ಕದವರು ಮನೆ ಮಾರಿದ ಸುದ್ದಿಗೂ ಜೆಸಿಬಿ ಬಂದು ನಿಲ್ಲುವುದಕ್ಕೂ ನಡುವೆ ಸಾಮಾನ್ಯವಾಗಿ ಒಂದಿಷ್ಟು ತಿಂಗಳು ಸಿಗುತ್ತವೆ. ಮುಖ್ಯ ಕೆಲಸವೆಲ್ಲ ಆಗಲೇ ಮುಗಿಯಬೇಕು. ಗುಂಡಿ ಬಿದ್ದ ಮೇಲೆ ಏನು ಹೇಳಿದರೂ "ಈ ಬಿರುಕು ಮೊದಲೇ ಇತ್ತು ಸಾರ್" ಎಂಬ ಉತ್ತರ ಬರುತ್ತದೆ.

ಮನೆಯ ಸ್ಥಿತಿ ದಾಖಲಿಸುವುದು

ಪ್ರತಿ ಕೋಣೆಯ ನಾಲ್ಕೂ ಗೋಡೆಗಳ ಪೂರ್ತಿ ಫೋಟೊ ಮೊದಲು. ಆಮೇಲೆ ಪ್ರತಿ ಬಿರುಕಿನ ಹತ್ತಿರದ ಫೋಟೊ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು. ಬಾಗಿಲು-ಕಿಟಕಿಗಳ ಮೇಲ್ಮೂಲೆ, ತೊಲೆ ಗೋಡೆಯೊಳಗೆ ಸೇರುವ ಜಾಗ, ರೆಡ್ ಆಕ್ಸೈಡ್ ನೆಲ ಗೋಡೆಗೆ ಸೇರುವ ಅಂಚು, ಸಂಪಿನ ಒಳಗೋಡೆ, ಕಾಂಪೌಂಡಿನ ಎರಡೂ ಮೈ ಬಿಡಬೇಡಿ. ಬಿರುಕಿಲ್ಲದ ಗೋಡೆಯ ಫೋಟೊ ಕೂಡ ಬೇಕು. ಮುಂದೆ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಅದೇ ದಿನ ಎಲ್ಲವನ್ನೂ ನಿಮಗೂ ಬಿಲ್ಡರಿಗೂ ಇಮೇಲ್ ಮಾಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ದಿನಾಂಕದ ಮಾಹಿತಿ ಅಳಿಸಿಹೋಗುತ್ತದೆ, ಆದ್ದರಿಂದ ಮೂಲ ಫೈಲನ್ನು ಫೋನಿನಲ್ಲೇ ಉಳಿಸಿಕೊಳ್ಳಿ.

ಇದರ ಜೊತೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮನೆಯ ಸ್ಥಿತಿಯ ವರದಿ ಮಾಡಿಸಿ, ಅದಕ್ಕೆ ಬಿಲ್ಡರ್ ಕಡೆಯವರ ಸಹಿ ಹಾಕಿಸಿ. ಖರ್ಚು ಬಿಲ್ಡರ್ ಕೊಡುವುದು ನ್ಯಾಯ. ಕೊಡದಿದ್ದರೆ ನೀವೇ ಕೊಟ್ಟು ಮಾಡಿಸಿ. ಇಲ್ಲಿ ಜುಗ್ಗತನ ಮಾಡುವುದು ದಡ್ಡತನ.

ಈಗಾಗಲೇ ಇರುವ ಬಿರುಕುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಅಡ್ಡಲಾಗಿ ಲ್ಯಾಬೊರೇಟರಿ ಸಾಮಾನಿನ ಅಂಗಡಿಯಲ್ಲಿ ಸಿಗುವ 75 ಮಿ.ಮೀ. ಉದ್ದದ ಗಾಜಿನ ಸ್ಲೈಡ್ ಇಟ್ಟು ಎರಡು ತುದಿಯನ್ನು ಮಾತ್ರ ಅರಾಲ್ಡೈಟಿನಿಂದ ಅಂಟಿಸಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಸುಣ್ಣ ಬಳಿದ ಹಳೇ ಗಾರೆಯ ಮೇಲೆ ಅಂಟಿಸಿದರೆ ಗಾರೆಯೇ ಪದರ ಬಿಟ್ಟು ಗಾಜು ಹಾಗೇ ಉಳಿಯುತ್ತದೆ. ಹಾಗಾಗಿ ಗಾರೆ ಕೆರೆದು ಇಟ್ಟಿಗೆಗೇ ಅಂಟಿಸಬೇಕು. ಎಷ್ಟು ಸರಿದಿದೆ ಎಂಬ ಲೆಕ್ಕ ಗಾಜಿನಿಂದ ಸಿಗುವುದಿಲ್ಲ. ಅದಕ್ಕೆ ಬಿರುಕಿನ ಆಚೆ ಈಚೆ ಸಣ್ಣ ಸ್ಟೀಲ್ ಸ್ಕ್ರೂ ಕೂರಿಸಿ, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ವಾರಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಿ. ಅಳೆಯುವುದು ಯಾವಾಗಲೂ ಬೆಳಿಗ್ಗೆ ಒಂದೇ ಹೊತ್ತಿಗೆ. ಮಧ್ಯಾಹ್ನದ ಬಿಸಿಲಿಗೆ ತಾರಸಿ ಹಿಗ್ಗಿ ಲೆಕ್ಕ ಕೆಡುತ್ತದೆ. ಗುಂಡಿಯ ಕಡೆಯ ಗೋಡೆಗೆ ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು, ದಾರಕ್ಕೂ ಗೋಡೆಗೂ ಇರುವ ಅಂತರವನ್ನು ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಬರೆದುಕೊಳ್ಳಿ.

ಕೂದಲೆಳೆಯಂಥ ಬಿರುಕು ವರ್ಷಗಟ್ಟಲೆ ಹಾಗೇ ಇದ್ದರೆ ಬಿಡಿ. ಗುಂಡಿಯ ಕಡೆಯ ಮೂಲೆಯಲ್ಲಿ ಇಟ್ಟಿಗೆ ಸಂದುಗಳ ಜಾಡು ಹಿಡಿದು ಮೆಟ್ಟಿಲಿನಂತೆ ಓರೆಯಾಗಿ ಹೊಸ ಬಿರುಕು ಬಂದು, ಅದು ಮೇಲ್ಗಡೆ ಅಗಲವಾಗುತ್ತಿದ್ದರೆ ಆ ಮೂಲೆ ಕುಸಿಯುತ್ತಿದೆ ಎಂದರ್ಥ. ವಾರದಲ್ಲಿ ಒಂದು ಮಿ.ಮೀ. ಬೆಳೆದರೂ ಎಂಜಿನಿಯರನ್ನು ಕರೆಸಿ. ಬಿರುಕಿನ ಅಗಲ 5 ಮಿ.ಮೀ. ಆಗುವ ಹೊತ್ತಿಗೆ ಬಾಗಿಲು ಕಿಟಕಿ ಬಿಗಿಯುತ್ತವೆ. 15 ಮಿ.ಮೀ. ದಾಟಿದರೆ ಆ ಕೋಣೆ ಖಾಲಿ ಮಾಡಿ, ತೊಲೆಗಳ ಕೆಳಗೆ ಅಡ್ಡ ಹಲಗೆ ಕೊಟ್ಟು ಸೆಂಟ್ರಿಂಗ್ ಜಾಕಿ ನಿಲ್ಲಿಸಿ. ಜಾಕಿಯ ಬುಡಕ್ಕೂ ಹಲಗೆ ಇರಬೇಕು, ಇಲ್ಲದಿದ್ದರೆ ನೆಲ ಒಡೆಯುತ್ತದೆ.

ಗುಂಡಿಯ ಲೆಕ್ಕ

ಮಂಜೂರಾದ ಪ್ಲಾನಿನ ಪ್ರತಿ ಸಂಪಾದಿಸಿ. ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ; ನಿಮ್ಮ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ ಬೇಗ ಹಾಕಬೇಕು. ಸೈಟು 500 ಚದರ ಮೀಟರ್ ಮೀರಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇದ್ದರೆ ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲೂ ಹುಡುಕಿ ನೋಡಿ.

ಪ್ಲಾನಿನಲ್ಲಿ ನೋಡಬೇಕಾದ್ದು ಮೂರು: ಬೇಸ್‌ಮೆಂಟ್ ಇದೆಯೇ, ಎಷ್ಟು ಆಳ, ನಿಮ್ಮ ಗೋಡೆಯಿಂದ ಎಷ್ಟು ದೂರ. ಲೆಕ್ಕ ಸುಲಭ. ನಿಮ್ಮ ಪಾಯದ ತಳದ ಅಂಚಿನಿಂದ ಗುಂಡಿಯ ಕಡೆಗೆ 45 ಡಿಗ್ರಿಯಲ್ಲಿ ಇಳಿಯುವ ಗೆರೆ ಎಳೆಯಿರಿ. ಗುಂಡಿ ಆ ಗೆರೆಯನ್ನು ಕತ್ತರಿಸಿದರೆ ನಿಮ್ಮ ಪಾಯ ನಿಂತಿರುವ ಮಣ್ಣಿಗೆ ಆಸರೆ ಬೇಕು. ಪಾಯ 4 ಅಡಿ, ಗುಂಡಿ 12 ಅಡಿ, ನಡುವೆ ಬಿಟ್ಟ ಜಾಗ 3 ಅಡಿ ಎಂದುಕೊಳ್ಳಿ. ನಿಮ್ಮ ಪಾಯಕ್ಕಿಂತ ಗುಂಡಿ 8 ಅಡಿ ಕೆಳಗಿದೆ, ದೂರ ಮಾತ್ರ ಮೂರೇ ಅಡಿ. ಆಸರೆಯಿಲ್ಲದೆ ತೋಡಿದರೆ ಜೂಜು. ಬೇಸ್‌ಮೆಂಟ್ ಇಲ್ಲದೆ ಬರೀ ಸ್ಟಿಲ್ಟ್ ಪಾರ್ಕಿಂಗ್ ಇದ್ದರೆ ಚಿಂತೆ ಬಹಳ ಕಡಿಮೆ. ಆಗಲೂ ಗಡಿಯ ಪಕ್ಕದ ಕಾಲಮ್ ಗುಂಡಿಗಳನ್ನು ಒಂದೇ ಉದ್ದ ಚರಂಡಿಯಂತೆ ತೆಗೆಯದೆ, ಒಂದು ಬಿಟ್ಟು ಒಂದರಂತೆ ತೋಡಿ, ಕಾಂಕ್ರೀಟ್ ತುಂಬಿದ ಮೇಲೆ ಉಳಿದದ್ದಕ್ಕೆ ಕೈಹಾಕಲು ಹೇಳಿ.

ಇಲ್ಲಿನ ಕೆಂಪು ಮಣ್ಣು ಮೋಸಗಾರ. ಒಣಗಿದ್ದಾಗ ಹತ್ತು ಹನ್ನೆರಡು ಅಡಿ ಕತ್ತರಿಸಿದರೂ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಮೇಸ್ತ್ರಿಗಳು ಅದನ್ನೇ ತೋರಿಸಿ ಧೈರ್ಯ ಹೇಳುತ್ತಾರೆ. ನೀರು ಕುಡಿದ ಮೇಲೆ ಅದೇ ಮಣ್ಣು ಮುನ್ಸೂಚನೆಯಿಲ್ಲದೆ ಜಾರುತ್ತದೆ. ಮಾರ್ಚಿನಲ್ಲಿ ತೋಡಿ, ದುಡ್ಡಿಲ್ಲದೆ ನಿಲ್ಲಿಸಿ, ಮೇ ತಿಂಗಳ ಅಡ್ಡಮಳೆಗೆ ತೆರೆದೇ ಬಿಟ್ಟ ಗುಂಡಿಗಿಂತ ಕೆಟ್ಟದ್ದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಮಳೆಯೂ ಅಷ್ಟೇ.

ಸರಿಯಾದ ಆಸರೆ ಎಂದರೆ ತೋಡುವ ಮೊದಲೇ ಗಡಿಯುದ್ದಕ್ಕೂ ನೆಲದೊಳಗೆ ಇಳಿಸುವ ಸಾಲುಕಂಬಗಳು, ಅಂದರೆ ಶೋರ್ ಪೈಲ್‌ಗಳು. ಸಣ್ಣ ಸೈಟಿನಲ್ಲಿ ಇದರಿಂದ ಪಾರ್ಕಿಂಗ್ ಅಗಲ ಕಡಿಮೆಯಾಗುತ್ತದೆ, ಹಾಗಾಗಿ ಬಿಲ್ಡರ್ ತಪ್ಪಿಸಿಕೊಳ್ಳಲು ನೋಡುತ್ತಾನೆ. ಕೊನೇ ಪಕ್ಷ ಐದೈದು ಅಡಿ ಅಗಲದ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ತೋಡಿ, ಆ ತುಂಡಿನ ತಡೆಗೋಡೆ ಎದ್ದ ಮೇಲೆ ಮುಂದಿನದಕ್ಕೆ ಹೋಗಬೇಕು. ಮರಳಿನ ಚೀಲ ಪೇರಿಸುವುದು ಆಸರೆಯಲ್ಲ. ಸಾಯಿಲ್ ನೇಲಿಂಗ್ (ಗುಂಡಿಯ ಗೋಡೆಯೊಳಗೆ ಸರಳು ತೂರಿಸಿ ಮಣ್ಣು ಹಿಡಿಸುವುದು) ಮಾಡುತ್ತೇವೆ ಎಂದರೆ ಕಬ್ಬಿಣದ ಸರಳು ನಿಮ್ಮ ಮನೆಯಡಿಗೇ ಬರುತ್ತದೆ ಎಂಬುದು ಗೊತ್ತಿರಲಿ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಹಾಗೆ ಮಾಡುವಂತಿಲ್ಲ. ತೆಗೆದ ಮಣ್ಣನ್ನು, ಸಿಮೆಂಟ್ ಮೂಟೆ, ಕಬ್ಬಿಣವನ್ನು ನಿಮ್ಮ ಗೋಡೆಯ ಪಕ್ಕ ಗುಂಡಿಯ ದಡದಲ್ಲಿ ಪೇರಿಸಿದ್ದರೆ ಅವತ್ತೇ ತೆಗೆಸಿ.

ಬಸವನಗುಡಿ, ಲಾಲ್‌ಬಾಗಿನ ಸುತ್ತ ಕೆಲವೇ ಅಡಿಗೆ ಬಂಡೆ ಸಿಗುವ ಸೈಟುಗಳಿವೆ. ಅಲ್ಲಿ ಮಣ್ಣು ಜಾರುವ ಭಯ ಕಡಿಮೆ, ಬಂಡೆ ಒಡೆಯುವ ಯಂತ್ರದ (ಬ್ರೇಕರ್) ಹೊಡೆತದ ಕಂಪನ ಹೆಚ್ಚು. ರಂಧ್ರ ಕೊರೆದು ಹಿಗ್ಗುವ ಪುಡಿ ತುಂಬಿ ಬಂಡೆ ಸೀಳುವ ವಿಧಾನ ನಿಧಾನ, ಆದರೆ ಹಳೇ ಗೋಡೆಗೆ ಕ್ಷೇಮ. ಬ್ರೇಕರ್ ಅನಿವಾರ್ಯವಾದರೆ ನಿಮ್ಮ ಗೋಡೆಯ ಬಳಿ ಕಂಪನ ಮಾಪಕ ಇಡಿಸಿ. ಜರ್ಮನಿಯ ಡಿನ್ 4150-3 ಮಾನಕ ಕಡಿಮೆ ಆವರ್ತನದಲ್ಲಿ ಕಂಪನದ ವೇಗಕ್ಕೆ ವಾಸದ ಮನೆಗಳಿಗೆ ಸೆಕೆಂಡಿಗೆ 5 ಮಿ.ಮೀ., ಸೂಕ್ಷ್ಮ ಹಳೇ ಕಟ್ಟಡಗಳಿಗೆ 3 ಮಿ.ಮೀ. ಮಿತಿ ಹೇಳುತ್ತದೆ.

ಸಹಿ ಹಾಕುವ ಮುನ್ನ

ಬಿಲ್ಡರ್ ಸಿಹಿ ಡಬ್ಬಿಯ ಜೊತೆ ಎನ್‌ಒಸಿ (ನಮ್ಮ ಆಕ್ಷೇಪಣೆಯಿಲ್ಲ ಎಂಬ) ಕಾಗದ ತರುವುದುಂಟು. ಸಿಹಿ ತಿನ್ನಿ, ಕಾಗದಕ್ಕೆ ಸಹಿ ಹಾಕಬೇಡಿ. ಅದರ ಬದಲು ಎರಡು ಕಡೆಯವರೂ ಸಹಿ ಮಾಡುವ ಒಪ್ಪಂದ ಕೇಳಿ: ಸ್ಥಿತಿ ವರದಿ ಲಗತ್ತಾಗಿರಬೇಕು, ಆಸರೆಯ ನಕ್ಷೆಗೆ ಅವರ ಎಂಜಿನಿಯರ್ ಸಹಿ ಇರಬೇಕು, ಜಂಟಿ ಗೋಡೆಯ ಹೊರಮೈಗೆ ಗಾರೆ ಮಾಡಿಸುವವರು ಯಾರೆಂದು ಬರೆದಿರಬೇಕು, ಬಿರುಕು ಇಷ್ಟು ಬೆಳೆದರೆ ಕೆಲಸ ನಿಲ್ಲಿಸುತ್ತೇವೆ ಎಂಬ ಅಂಕಿ ಇರಬೇಕು, ಮನೆ ಬಿಡಬೇಕಾಗಿ ಬಂದರೆ ಬಾಡಿಗೆ ಯಾರದೆಂಬುದೂ ಇರಬೇಕು.

ವಿಮೆಯ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿರುತ್ತಾರೆ. ನಿಮ್ಮದೇ ಮನೆ ವಿಮೆಯಾದ ಭಾರತ್ ಗೃಹ ರಕ್ಷಾ ಪಾಲಿಸಿ ಭೂಕುಸಿತಕ್ಕೆ ಪರಿಹಾರ ಕೊಡುತ್ತದೆ, ಆದರೆ ಕಟ್ಟಡ ಕೆಡವುವುದು, ಕಟ್ಟುವುದು, ನೆಲ ಅಗೆಯುವುದರಿಂದ ಆದ ಕುಸಿತವನ್ನು ಹೊರಗಿಟ್ಟಿದೆ. ಹಾಗಾಗಿ ಬಿಲ್ಡರಿನ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯ (ಕಟ್ಟಡ ಕೆಲಸದ ವಿಮೆ) ಪ್ರತಿ ಕೇಳಿ. ಅದರಲ್ಲಿ ಮೂರನೆಯವರ ಆಸ್ತಿಯ ಹೊಣೆ ಇದ್ದರೆ ಸಾಲದು. ಕಂಪನ ಹಾಗೂ ನೆಲದ ಆಸರೆ ತಪ್ಪುವುದರಿಂದ ಆಗುವ ಹಾನಿಗೆ ಬೇರೆಯೇ ಸೇರ್ಪಡೆ ಬೇಕು, ಅದನ್ನು ಬಹಳ ಸಲ ತೆಗೆದುಕೊಂಡಿರುವುದಿಲ್ಲ.

ಕೆಡವುವ ದಿನಗಳು

ಜಂಟಿ ಗೋಡೆ ಇದ್ದರೆ, ಪಕ್ಕದ ಮನೆಯ ತೊಲೆ, ಅಡ್ಡಗೋಡೆಗಳನ್ನು ಮೊದಲು ಉಳಿ ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಬೇಕು. ನಿಮ್ಮ ಗೋಡೆಯಿಂದ ನಾಲ್ಕೈದು ಅಡಿ ಪೂರ್ತಿ ಬೇರೆಯಾದ ಮೇಲೆ ಯಂತ್ರ ಬರಲಿ. ನೇರ ಜೆಸಿಬಿ ಹಾಕಿದರೆ ಬೀಳುವ ಗೋಡೆ ನಿಮ್ಮದನ್ನೂ ಎಳೆಯುತ್ತದೆ. ಇಷ್ಟು ವರ್ಷ ಒಳಗಡೆ ಇದ್ದ ಮೈ ಈಗ ಮಳೆಗೆ ಬೀಳುತ್ತದೆ, ಮಣ್ಣಿನ ಗಾರೆ ಕರಗತೊಡಗುತ್ತದೆ. ಅಂದೇ ಮೇಲಿನಿಂದ ಟಾರ್ಪಾಲ್ ಇಳಿಬಿಟ್ಟು, ಅದರ ಮೇಲಂಚು ಗೋಡೆಯ ನೆತ್ತಿ ದಾಟಿ ಒಳಗೆ ಎರಡು ಅಡಿ ಬರುವಂತೆ ಕಟ್ಟಿಸಿ.

ಧೂಳಿಗೆ ನೀರು ಚಿಮುಕಿಸಿ ಕೆಡವಬೇಕು. ಆಸ್‌ಬೆಸ್ಟಾಸ್ ಶೀಟುಗಳನ್ನಂತೂ ಒಡೆಯದೆ, ನೆನೆಸಿ, ಇಡಿಯಾಗಿ ಇಳಿಸಬೇಕು. ಹಳೇ ಮನೆ ಬಿದ್ದರೆ ಅಲ್ಲಿನ ಇಲಿ ಹೆಗ್ಗಣಗಳು ನಿಮ್ಮಲ್ಲಿಗೆ ಬಿಡಾರ ಬದಲಿಸುತ್ತವೆ. ಬಚ್ಚಲು, ಮೋರಿಯ ಬಾಯಿಗಳಿಗೆ 6 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಮೊದಲೇ ಹಾಕಿಸಿ.

ನೀರು ಮತ್ತು ಚರಂಡಿ

ಗಡಿಯ ಬಳಿ ಸಂಪು ಇದ್ದರೆ ಎರಡು ತೊಂದರೆ. ನೆಲ ಅದುರಿ ಸಂಪು ಬಿರಿಯಬಹುದು. ಬಿರಿದ ಸಂಪಿನ ನೀರು ಮಣ್ಣಿಗಿಳಿದು ಗುಂಡಿಯ ಗೋಡೆ ಕುಸಿಯಬಹುದು. ಆಗ ತಪ್ಪು ನಿಮ್ಮ ತಲೆಗೆ ಬರುತ್ತದೆ. ಪರೀಕ್ಷೆ ಹೀಗೆ: ಸಂಪು ತುಂಬಿಸಿ, ಒಳಬರುವ ವಾಲ್ವ್, ಪಂಪು ಎರಡನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಿ. ಮುಚ್ಚಿದ ಸಂಪಿನಲ್ಲಿ ಎದ್ದು ಕಾಣುವಷ್ಟು ಇಳಿದಿದ್ದರೆ ಸೋರಿಕೆಯೇ. ಬೇಸ್‌ಮೆಂಟ್ ಮುಗಿಯುವವರೆಗೆ ಸಂಪು ಖಾಲಿ ಮಾಡಿ, ಗಡಿಯಿಂದ ದೂರದಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ.

ಕಟ್ಟಡದ ಸಿಮೆಂಟ್ ನೀರು, ಕೆಸರು ರಸ್ತೆಯ ಮ್ಯಾನ್‌ಹೋಲಿಗೆ ಹೋಗಿ ಗಟ್ಟಿಯಾದರೆ, ಕೊಳಚೆ ಹಿಂದಕ್ಕೆ ಬಂದು ನೆಲಮಹಡಿಯ ಬಚ್ಚಲಲ್ಲಿ ಏಳುತ್ತದೆ. ನಿಮ್ಮ ಕೊನೇ ಛೇಂಬರಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಜಲಮಂಡಳಿಯ ಸಹಾಯವಾಣಿ 1916, ಬೆಸ್ಕಾಂ 1912. ಹೊಸ ಕಟ್ಟಡದ ಅಂಗಳ ನಿಮ್ಮದಕ್ಕಿಂತ ಎತ್ತರವಾದರೆ ಮಳೆನೀರು ನಿಮ್ಮತ್ತ ಬರುತ್ತದೆ. ಇಳಿಜಾರು ಯಾವ ಕಡೆಗೆಂದು ನೆಲಹಾಸು ಹಾಕುವ ಮೊದಲೇ ಟ್ಯೂಬ್ ಲೆವೆಲ್ ಹಿಡಿದು ನೋಡಿ.

ಮಾತು ಕೇಳದಿದ್ದರೆ

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಶಬ್ದ ಮಿತಿ 45 ಡೆಸಿಬೆಲ್, ಹಗಲು 55. ರಾತ್ರಿ ಬ್ರೇಕರ್ ಹೊಡೆದರೆ 112ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಸ್ತೆ ಮರದ ಬೇರು ಕಡಿಯುತ್ತಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಗೆ ಬರೆಯಿರಿ. ಒಂದು ಕಡೆಯ ಬೇರು ಕಳೆದುಕೊಂಡ ಮರ ಮೊದಲ ಗಾಳಿಮಳೆಗೇ ಉರುಳಬಹುದು.

ಆಸರೆಯಿಲ್ಲದೆ ತೋಡುತ್ತಿದ್ದರೆ ಪಾಲಿಕೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದೇ ದಿನ ವಕೀಲರನ್ನು ಕಾಣಿ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ (ಈಸ್‌ಮೆಂಟ್ಸ್ ಆ್ಯಕ್ಟ್) 7ನೇ ಕಲಮು ಪಕ್ಕದ ನೆಲದ ಸಹಜ ಆಸರೆಯನ್ನು ನಿಮ್ಮ ಖಾಲಿ ನೆಲಕ್ಕೆ ಕೊಡುತ್ತದೆ. ಮೇಲಿನ ಕಟ್ಟಡಕ್ಕೂ ಆ ಆಸರೆ ಹಕ್ಕಾಗಿ ಸಿಗಬೇಕಾದರೆ 15ನೇ ಕಲಮಿನಂತೆ ಅಡೆತಡೆಯಿಲ್ಲದೆ 20 ವರ್ಷ ಅನುಭವಿಸಿರಬೇಕು. ಹಳೇ ಮನೆಯವರಿಗೆ ಇದು ದೊಡ್ಡ ಅನುಕೂಲ, ಹಳೇ ಖಾತೆ, ಕಂದಾಯ ರಸೀದಿಗಳನ್ನು ತೆಗೆದಿಡಿ. ಸಿವಿಲ್ ಕೋರ್ಟಿನಲ್ಲಿ ತಾತ್ಕಾಲಿಕ ತಡೆಯಾಜ್ಞೆಯ ಜೊತೆಗೇ ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರ್ ನೇಮಿಸುವಂತೆ ಕೇಳಬಹುದು. ಬಿರುಕಿನ ಅಳತೆ ಪುಸ್ತಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ರಿಪೇರಿ ಯಾವಾಗ

ಅವಸರ ಬೇಡ. ಬೇಸ್‌ಮೆಂಟಿನ ತಡೆಗೋಡೆ ಎದ್ದ ಮೇಲೆ ಅದಕ್ಕೂ ನಿಮ್ಮ ಕಾಂಪೌಂಡಿಗೂ ನಡುವಿನ ಸಂದಿಗೆ ಕಟ್ಟಡದ ಕಸ ಸುರಿದು ಮೇಲೆ ಮಣ್ಣು ಮುಚ್ಚಿಬಿಡುತ್ತಾರೆ. ಅದು ಕೂರುತ್ತಾ ಹೋದಂತೆ ನಿಮ್ಮ ಪಾಯವೂ ಅತ್ತ ವಾಲುತ್ತದೆ. ಒಳ್ಳೇ ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಿಮ್ಮಸು ಹೊಡೆಸಬೇಕು. ಈ ಕೆಲಸದ ದಿನ ಮನೆಯವರು ಒಬ್ಬರಾದರೂ ಅಲ್ಲೇ ನಿಂತಿರಬೇಕು.

ಆಮೇಲೆ ಒಂದು ಮಳೆಗಾಲ ಕಳೆಯಲಿ. ಅಳತೆ ಎರಡು ಮೂರು ತಿಂಗಳು ಬದಲಾಗದಿದ್ದರೆ ಬಿರುಕು ಮುಚ್ಚಿ. ಬಿಲ್ಡರಿಗೆ "ಲೆಕ್ಕ ಚುಕ್ತಾ" ಎಂದು ಬರೆದುಕೊಡುವುದೂ ಆಗಲೇ. ಸುಣ್ಣ, ಮಣ್ಣಿನ ಗಾರೆಯ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಬೇಡಿ. ಒಳಗಿನ ತೇವ ಹೊರಬರಲಾಗದೆ ಎರಡು ಮೂರು ವರ್ಷದಲ್ಲಿ ಅದು ಹಪ್ಪಳ ಎದ್ದು, ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ನೆನೆಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಬಿರುಕನ್ನು ಉಳಿಯಿಂದ ಒಂದು ಇಂಚು ಬಿಡಿಸಿ, ಧೂಳು ತೆಗೆದು, ಇಟ್ಟಿಗೆ ಒದ್ದೆ ಮಾಡಿ, ಅರ್ಧ ಇಂಚಿನ ಪದರಗಳಲ್ಲಿ ತುಂಬಿ. ಸುಣ್ಣ ಗಟ್ಟಿಯಾಗುವುದು ನಿಧಾನ, ಆದ್ದರಿಂದ ವಾರಗಟ್ಟಲೆ ಒದ್ದೆ ಗೋಣಿಚೀಲದ ನೆರಳಿರಲಿ. ಬಣ್ಣಕ್ಕೆ ಸುಣ್ಣವನ್ನೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟ್ ಬೇಡ.